ಮಟ್ಟು ಯಾರದು?

ಅವರ ಎಡಗೈಯ ತೋರುಬೆರಳಿಗೆ ನಾನು ಹೆದರುತ್ತಿದ್ದೆ. ಕೇಳಿದವರು ನಗಬಹುದು. ಸಣಕಲು ಮೈಯ, ಮೆಲುಮಾತಿನ, ದಾರಿಯಲ್ಲಿ ಇರುವೆಯ ಸಾಲು ಕಂಡರೆ ಸುತ್ತಿಕೊಂಡು ಹೋಗುತ್ತಿದ್ದ ಒಬ್ಬ ವೃದ್ಧರ ಬೆರಳಿಗೆ, ಸಂಸ್ಕೃತ ಪಾಠಶಾಲೆಯಲ್ಲಿ ಬೆತ್ತದ ರುಚಿಯನ್ನು ಸಾಕಷ್ಟು ಕಂಡು ಬಂದ ನಾನು ಹೆದರುವುದೆಂದರೇನು? ಆದರೂ ಹೆದರುತ್ತಿದ್ದುದು ನಿಜ. ಹೋದ ಮಾಘಮಾಸದಲ್ಲಿ ಗುಬ್ಬಿಯಿಂದ ಬಂದವರೊಬ್ಬರು ಶಿರಾ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, ‘ನಿಮ್ಮ ನಾಟಕದ ಮೇಷ್ಟ್ರು ಹೋಗ್ಬುಟ್ರು ಸ್ವಾಮಿ’ ಎಂದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಮುಖವಲ್ಲ, ಆ ಬೆರಳು.

ಅವರನ್ನು ನಾನು ಮೊದಲು ಕಂಡದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆಗ ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ, ಮಕ್ಕಳ ನಾಟಕಗಳ ಗುಣದೋಷ ನೋಡಿ ಹೇಳಲೆಂದು ಗುಬ್ಬಿಯಿಂದ ಅವರನ್ನು ಕರೆಸಿದ್ದರು. ಅಂದು ಭಕ್ತಿಕಾವ್ಯವನ್ನು ಕುರಿತು ಉಪನ್ಯಾಸ ಮಾಡುವ ಭಾಗ್ಯ ನನ್ನದಾಗಿತ್ತು. ಮಾಡಿದೆ. ಚಪ್ಪಾಳೆಯೂ ಬಿತ್ತು. ಸಭೆ ಮುಗಿದ ಮೇಲೆ ಈ ವೃದ್ಧರು ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಳ್ಳುತ್ತ ಬಂದು ಕೈಮುಗಿದರು.

“ಭಾಷಣ ಬಹಳ ಚೆಂದಾಗಿತ್ತು ಪಂಡಿತ್ರೇ. ಮೂರು ಜನಾನೂ ಚೆಂದಾಗಿ ಮಾತಾಡುದ್ರಿ.”

ನಾನು ಹಿಂದಿರುಗಿ ನೋಡಿದೆ. ಅಂದು ಮಾತನಾಡಿದ್ದವನು ನಾನೊಬ್ಬನೇ.

“ಕುರ್ಚಿ ಮೇಲೆ ಒಬ್ರೇ ಇದ್ರಿ, ನಿಜ,” ಎಂದರು ಅವರು. “ಮೊದ್ಲು ನಿಮ್ಮ ಪಾಠಶಾಲೆ ಗುರುಗಳು ಬಂದ್ರು. ಅವರ್ನ ನಾನು ಕೇಳಿದೀನಿ, ಪ್ರಶ್ನೆ ಹಾಕಿ ಸುಮ್ನೆ ನಿಂತ್ಕೊಳೋದು ಅವರ ಪದ್ಧತಿ. ಆಮೇಲೆ ಪುರಾಣ ಓದೋರು ಒಬ್ರು ಬಂದ್ರು. ಮಾತಿನ ತುದೀಗೆ ಬಂದಾಗ ಉಸಿರು ಇಳಿಸಿ, ಜನ ಮುಂದಕ್ಕೆ ಬಗ್ಗೋ ಹಂಗೆ ಮಾಡೋರು. ಯಾರೋ ಗೊತ್ತಿಲ್ಲ, ದೊಡ್ಡ ಮನುಷ್ಯರು. ಕೊನೇಗೆ ಹಳೇ ಕವಿಗಳೊಬ್ರು. ಇನ್ನೇನು ನೀವೂ ಬರ್ತೀರಿ ಅಂತ ಕಾಯ್ತಾ ಕೂತಿದ್ದೆ, ಅಷ್ಟ್ರಲ್ಲಿ ವಂದನಾರ್ಪಣೆ ಆಗೋಯ್ತು.”

ಹಾಗೆಂದು ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ. ಆದರೆ ನನ್ನ ಬೆನ್ನ ಮೇಲೆ ತಣ್ಣಗೆ ಏನೋ ಹರಿದಂತಾಯಿತು. ಏಕೆಂದರೆ ಆ ಪುರಾಣ ಓದುವವರು ನನ್ನ ತಂದೆ. ಕುಣಿಗಲ್ಲಿನ ಕೆರೆಯ ಬದಿಯ ಈಶ್ವರನ ಗುಡಿಯಲ್ಲಿ ಆಯುಷ್ಯವೆಲ್ಲ ಪುರಾಣ ಹೇಳಿ, ನಾನು ಕೆಲಸಕ್ಕೆ ಸೇರುವ ಮೊದಲೇ ದೇವರ ಪಾದ ಸೇರಿದ್ದರು. ಈ ಗುಬ್ಬಿಯ ವೃದ್ಧರು ಅವರನ್ನು ಕಂಡವರೇ ಅಲ್ಲ. ಆದರೂ ನನ್ನ ಮಾತಿನಲ್ಲಿ ನನ್ನ ತಂದೆ ಉಸಿರು ಇಳಿಸಿದ್ದನ್ನು ಕೇಳಿದ್ದರು. ಹಾಗಾದರೆ ಆ ಮುಕ್ಕಾಲು ಗಂಟೆ ವೇದಿಕೆಯ ಮೇಲೆ ನಿಂತಿದ್ದವನು ಯಾರು?

ಮೇಷ್ಟರು ತಮ್ಮ ಪ್ರಾಯಕಾಲವನ್ನೆಲ್ಲ ನಾಟಕದ ಕಂಪನಿಗಳಿಗೆ ಹಾಡು, ಸಂಭಾಷಣೆ ಬರೆದುಕೊಡುವುದರಲ್ಲಿ ಕಳೆದಿದ್ದರು. ಕಂಪನಿ ನಾಟಕದ ಹಾಡು ಹುಟ್ಟುವ ರೀತಿಯನ್ನು ಈಗಿನವರಿಗೆ ಹೇಳಬೇಕಾಗುತ್ತದೆ. ಜನರ ಬಾಯಲ್ಲಿ ಆಗಲೇ ಇರುವ ಹಾಡೊಂದರ ಧಾಟಿಯನ್ನು ಹಿಡಿದು, ಅದಕ್ಕೆ ಕಥೆಗೆ ಒಪ್ಪುವ ಹೊಸ ಮಾತುಗಳನ್ನು ಕೂಡಿಸುತ್ತಿದ್ದರು. ಆ ಧಾಟಿಗೆ ‘ಮಟ್ಟು’ ಎಂದು ಹೆಸರು. ಹಾಡಿನ ಪುಸ್ತಕ ಅಚ್ಚಾಗುವಾಗ ಪ್ರತಿ ಹಾಡಿನ ನೆತ್ತಿಯ ಮೇಲೂ ಇದು ಇಂಥ ಹಾಡಿನ ಮಟ್ಟು ಎಂದು ನಮೂದಿಸುವುದು ವಾಡಿಕೆ. ಅದರಲ್ಲಿ ಮುಚ್ಚುಮರೆಯಿಲ್ಲ. “ಕದ್ದಿದ್ದಲ್ಲ ಪಂಡಿತ್ರೇ, ಕೇಳಿ ತಂದಿದ್ದು. ತಂದೋರ ಹೆಸರು ಬಾಗ್ಲಲ್ಲೇ ಬರೆದಿಟ್ರೆ ಕಳ್ತನ ಹೆಂಗಾಯ್ತದೆ?” ಎನ್ನುತ್ತಿದ್ದರು.

ಕಂಪನಿಗಳು ಮುಚ್ಚಿ, ಅವರು ಗುಬ್ಬಿಯ ಪೇಟೆಬೀದಿಯ ಸಣ್ಣ ಮನೆಗೆ ಬಂದು ನೆಲಸಿದ ಮೇಲೂ ಆ ವಾಡಿಕೆ ಅವರನ್ನು ಬಿಡಲಿಲ್ಲ. ಏನು ಬರೆದರೂ ಮೇಲೆ ಮಟ್ಟು ಬರೆಯುತ್ತಿದ್ದರು. ಒಮ್ಮೆ ಬೀದಿಗೊಂದು ನಲ್ಲಿ ಹಾಕಿಸಬೇಕೆಂದು ಪುರಸಭೆಗೆ ಅರ್ಜಿ ಬರೆದಾಗಲೂ, ವನವಾಸದಿಂದ ಮರಳಿದ ರಾಜಕುಮಾರ ತುಂಬಿದ ಸಭೆಯಲ್ಲಿ ಆಡುವ ಮಾತಿನ ಮಟ್ಟು ಎಂದು ಮೇಲೆ ಬರೆದಿದ್ದರಂತೆ. ಗುಮಾಸ್ತರು ಓದಿ, “ಏನ್ ಮೇಷ್ಟ್ರೇ, ನಲ್ಲಿ ಕೇಳಕ್ ಬಂದ್ರೋ, ರಾಜ್ಯ ಕೇಳಕ್ ಬಂದ್ರೋ?” ಎಂದರಂತೆ. “ರಾಜ್ಯ ಕೇಳೋ ಮಟ್ಟಲ್ಲಿ ಕೇಳುದ್ರೆ ನಲ್ಲೀನಾದ್ರೂ ಕೊಟ್ಟೀರಿ ಅಂತ,” ಎಂದು ಇವರು ಹೇಳಿ ಬಂದರಂತೆ. ನಲ್ಲಿ ಬಂತು. ನಾನು ಅದರ ನೀರು ಕುಡಿದಿದ್ದೇನೆ.

ಅವರ ಕಿವಿಗೆ ಸಿಕ್ಕದ ಮೂಲವಿರಲಿಲ್ಲ. ಯಾರಾದರೂ ಓದುವಾಗ ಎಡಗೈಯ ತೋರುಬೆರಳು ಮೊಣಕಾಲಿನ ಮೇಲೆ ಗಾಳಿಯಲ್ಲಿ ನಿಂತಿರುತ್ತಿತ್ತು, ಹಾರ್ಮೋನಿಯಮ್ಮಿನ ಮೇಲೆ ಸ್ವರದ ಮನೆ ಹುಡುಕುವವರ ಹಾಗೆ. ಧಾಟಿ ಯಾರದೆಂದು ತಿಳಿದ ಕ್ಷಣ ಬೆರಳು ಮೊಣಕಾಲಿನ ಮೇಲೆ ಬಿದ್ದು ತಾಳ ಹಾಕತೊಡಗುತ್ತಿತ್ತು. ಆಮೇಲೆ ಒಂದು ಹೆಸರು ಹೊರಬರುತ್ತಿತ್ತು. ಊಟದಲ್ಲಿಯೂ ಹೀಗೆಯೇ. ಅವರ ಮನೆಯಾಕೆಯ ತಾಯಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ಆಕೆ ಹುರುಳಿಕಟ್ಟಿನ ಸಾರು ಮಾಡಿದ್ದರಂತೆ. ಇವರು ಒಂದು ತುತ್ತು ತಿಂದರು, ಬೆರಳು ಬಿತ್ತು, “ಇದು ನಮ್ಮತ್ತೆ ಮಟ್ಟು” ಎಂದುಬಿಟ್ಟರು. ಆಕೆ ಸೌಟು ಕೆಳಗಿಟ್ಟು ಅತ್ತರಂತೆ. ಈ ಕಥೆಯನ್ನು ನನಗೆ ಹೇಳಿದವರೂ ಆಕೆಯೇ. “ಇವರ್ಗೆ ಬಡಿಸೋದೂ ಒಂದೇ, ಪರೀಕ್ಷೆಗೆ ಕೂರೋದೂ ಒಂದೇ ಕಣಪ್ಪಾ,” ಎಂದರು. ಹೇಳುವಾಗ ಮತ್ತೆ ಕಣ್ಣೊರಸಿಕೊಂಡರು.

ಇಷ್ಟೇ ಆಗಿದ್ದರೆ ಅವರು ನನ್ನ ಪಾಲಿಗೆ ಒಬ್ಬ ರಸಿಕ ವೃದ್ಧರಾಗಿ ಉಳಿಯುತ್ತಿದ್ದರು. ಭಯಕ್ಕೆ ಕಾರಣ ಬೇರೆಯಿತ್ತು. ಅದು ನಾನು ದೇವರಿಗೆ ಕೊಟ್ಟ ಮಾತು.

ನನ್ನ ಒಬ್ಬಳೇ ಮಗಳಿಗೆ ಆಗ ಐದೋ ಆರೋ ವರ್ಷ. ವಿಷಮಜ್ವರ ಬಂದು ಇಳಿಯಲೊಲ್ಲದು. ಒಂದು ಮಧ್ಯಾಹ್ನ ಡಾಕ್ಟರರು ನಾಡಿ ನೋಡಿ, ನನ್ನ ಮುಖ ನೋಡದೆ ಹೊರಗೆ ಹೋದರು. ನಾನು ಆಸ್ಪತ್ರೆಯ ಪಡಸಾಲೆಯ ಕಂಬ ಹಿಡಿದುಕೊಂಡು ನಮ್ಮ ಕುಣಿಗಲ್ಲಿನ ಈಶ್ವರನನ್ನು ನೆನೆದೆ. ಬೇರೆಯವರು ಬೆಳ್ಳಿಯ ಕಣ್ಣೋ ಗಂಟೆಯೋ ಹರಸಿಕೊಳ್ಳುತ್ತಾರೆ. ನನ್ನ ಬಾಯಿಂದ ಹೊರಟದ್ದು ಇದು: ‘ತಂದೆ, ಮಗು ಉಳಿದರೆ ನನ್ನ ಸ್ವಂತ ಮಾತಿನಲ್ಲಿ ನಿನಗೊಂದು ಶತಕವನ್ನು ಅರ್ಪಿಸುತ್ತೇನೆ.’ ಮಗು ಉಳಿಯಿತು.

ಸ್ವಂತ ಮಾತು! ಆ ಎರಡು ಪದಗಳನ್ನು ನಾನೇಕೆ ಆಡಿದೆನೋ ಇಂದಿಗೂ ಅರಿಯೆ. ಬರಿಯ ಶತಕವೆಂದಿದ್ದರೆ ಸಾಕಿತ್ತು. ಮನೆಯಲ್ಲಿ ಇದೆಯೋ ಇಲ್ಲವೋ ನೋಡದೆ ದೇವರಿಗೆ ಒಂದು ವಸ್ತುವನ್ನು ಹರಸಿಕೊಂಡವನ ಸ್ಥಿತಿ ನನ್ನದಾಯಿತು.

ಆದರೆ ಆಗ ಈ ಆತಂಕವಿರಲಿಲ್ಲ. ವರ್ಷವೊಂದರಲ್ಲಿ ವೃತ್ತಗಳಲ್ಲಿ ಶತಕವನ್ನು ಮುಗಿಸಿದೆ. ಅರ್ಪಿಸುವ ಮುನ್ನ ಒಬ್ಬ ಬಲ್ಲವರಿಗೆ ಕೇಳಿಸುವುದು ಕ್ರಮವೆಂದು, ಒಂದು ಭಾನುವಾರ ಬೆಳಗಿನ ರೈಲು ಹತ್ತಿ ಗುಬ್ಬಿಗೆ ಹೋದೆ. ಮೇಷ್ಟರು ಜಗಲಿಯ ಮೇಲೆ ಅಡಕೆ ಕತ್ತರಿಸುತ್ತ ಕುಳಿತಿದ್ದರು. ಹರಕೆಯ ವಿಷಯ ಹೇಳಲಿಲ್ಲ, ಓದಲಾರಂಭಿಸಿದೆ.

ಮೊದಲ ಪದ್ಯದ ಮೊದಲ ಪಾದ ಮುಗಿಯುವ ಮುನ್ನವೇ ಬೆರಳು ಬಿತ್ತು. ಅವರು ಒಬ್ಬ ಪ್ರಾಚೀನ ಕವಿಯ ಹೆಸರು ಹೇಳಿದರು. ಎರಡನೆಯದಕ್ಕೆ ಇನ್ನೊಬ್ಬರು. ನಾಲ್ಕನೆಯದಕ್ಕೆ, “ಇದು ನಿಮ್ಮ ಗುರುಗಳು. ಪ್ರಶ್ನೆ ಹಾಕಿ ನಿಂತವ್ರೆ ನೋಡಿ.” ಮುಂದೆ ಒಂದು ಕಡೆ, “ಆಹಾ, ಆ ಪುರಾಣದೋರು ಬಂದ್ರು,” ಎಂದು ಶಾಲಿನ ತುದಿಯನ್ನು ಕಣ್ಣಿಗೊತ್ತಿಕೊಂಡರು. ನಾನು ಓದುತ್ತಾ ಹೋದೆ. ಬೆರಳು ಬೀಳುತ್ತಾ ಹೋಯಿತು. ಮನೆಯ ಸಾಮಾನನ್ನು ಒಂದೊಂದಾಗಿ ಅದರದರ ಒಡೆಯರು ಬಂದು ಹೊತ್ತುಕೊಂಡು ಹೋಗುತ್ತಿದ್ದಾರೆ, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ ಎನ್ನಿಸಿತು. ಅರ್ಧ ದಾಟುವ ಹೊತ್ತಿಗೆ ಹಾಳೆಗಳನ್ನು ಕೆಳಗಿಟ್ಟೆ.

“ಯಾಕೆ ಪಂಡಿತ್ರೇ? ಪದ್ಯ ಚೆಂದಾಗೈತಲ್ಲ. ಎಲ್ಲಾ ಒಳ್ಳೇ ಮನೆಯಿಂದ್ಲೇ ತಂದಿದೀರಿ.”

“ಇದು ಹರಕೆಯ ಶತಕ, ಮೇಷ್ಟ್ರೇ. ಸ್ವಂತ ಮಾತಿನಲ್ಲಿ ಅರ್ಪಿಸುತ್ತೇನೆ ಅಂತ ಹೇಳಿಕೊಂಡಿದ್ದೇನೆ. ಮಗುವಿನ ಜೀವಕ್ಕೆ ಬದಲಾಗಿ.”

ಅವರ ಮುಖದ ಬಣ್ಣವೇ ಇಳಿದುಹೋಯಿತು. ಬೆರಳನ್ನು ಮಡಿಚಿ, ಅದರ ಮೇಲೆ ಬಲಗೈ ಮುಚ್ಚಿಕೊಂಡರು. ಮಾಡಬಾರದ್ದನ್ನು ಮಾಡಿದ ಕೈಯನ್ನು ಅಡಗಿಸುವಂತೆ.

“ಮೊದ್ಲೇ ಹೇಳ್ಬಾರ್ದಿತ್ತೇ? ಸುಮ್ನೆ ತಲೆದೂಗಿ ಕಳಿಸ್ತಿದ್ನಲ್ಲ. ಶಿವ ಶಿವಾ.” ಎಂದರು. “ದೇವ್ರ ಹತ್ರ ಸ್ವಂತ ಮಾತಲ್ಲಿ ಮಾತಾಡ್ತೀನಿ ಅಂತ ಹೇಳೋ ಧೈರ್ಯ ನಂಗೆ ಇವತ್ತಿನವರ್ಗೂ ಬಂದಿಲ್ಲ ಕಣ್ರೀ. ನಾನು ಕೈಮುಗಿದು ನಿಂತ್ರೆ ನಾನೇ ಬರ್ದಿರೋ ಯಾವ್ದೋ ಪಾರ್ಟು ಬಾಯಿಗೆ ಬರ್ತದೆ. ಅದ್ರ ಮಟ್ಟೂ ಬೇರೆಯೋರ್ದು.”

ನನಗೆ ಬಾಲ್ಯದ ಒಂದು ದಿನ ನೆನಪಾಯಿತು. ಗುಡಿಯಲ್ಲಿ ಪೀಠದಿಂದ ಜಾರಿಬಿದ್ದ ಕಣಗಿಲೆಯನ್ನೆತ್ತಿ ನಾನು ಮತ್ತೆ ದೇವರ ಮೇಲಿಡಲು ಹೋದಾಗ ತಂದೆ ನನ್ನ ಮುಂಗೈ ಹಿಡಿದು ತಡೆದಿದ್ದರು. ‘ಒಮ್ಮೆ ಏರಿಸಿದ ಹೂ ನಿರ್ಮಾಲ್ಯ, ಮಗು. ಮತ್ತೆ ಏರಿಸಿದರೆ ದೋಷ.’ ಹಾಗಾದರೆ ನನ್ನ ಶತಕದಲ್ಲಿರುವುದೇನು? ಯಾರೋ ಪುಣ್ಯಾತ್ಮರು ಎಂದೋ ದೇವರಿಗೆ ಏರಿಸಿ ಧನ್ಯರಾದ ಮಾತುಗಳು. ಅವನ್ನು ಪೀಠದ ಕೆಳಗಿನಿಂದ ಆಯ್ದು ಹೊಸ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದೇನೆ. ಇದನ್ನು ಮಗುವಿನ ಹೆಸರಿನಲ್ಲಿ ಅರ್ಪಿಸಲೇ? ಅಂದು ಹಿಂದಿರುಗುವ ರೈಲಿನಲ್ಲಿ ಶತಕವಿದ್ದ ಕೈಚೀಲವನ್ನು ತೊಡೆಯ ಮೇಲಿಡಲೂ ನನಗೆ ಭಯವಾಯಿತು.

ಬರೆದುದನ್ನು ಬದಿಗಿಟ್ಟು ಹೊಸದಾಗಿ ತೊಡಗಿದೆ. ಪರರ ಧಾಟಿ ಒಳಗೆ ಬಾರದಿರಲೆಂದು ಕಾವ್ಯಗಳನ್ನು ಓದುವುದನ್ನೇ ಬಿಟ್ಟೆ. ಶಾಲೆಯ ಪಾಠಕ್ಕೆ ಬೇಕಾದಷ್ಟನ್ನು ಮಾತ್ರ, ಮೂಗು ಮುಚ್ಚಿಕೊಂಡು ಔಷಧ ಕುಡಿಯುವವನಂತೆ ಓದುತ್ತಿದ್ದೆ. ಮನೆಯಲ್ಲಿ ಸಂಜೆಯ ಸ್ತೋತ್ರಪಾಠವೂ ನಿಂತಿತು. ಮಗಳು ಸೀನಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಅವಳ ಹಣೆ ಮುಟ್ಟಿ ನೋಡುವುದು ನನಗೊಂದು ವ್ಯಾಧಿಯಾಯಿತು.

“ಏನೂಂದ್ರೆ, ಮಗು ಆಡ್ಕೊಂಡಿದಾಳೆ. ನೀವು ಹೀಗೆ ಹಣೆ ಒತ್ತಿ ಒತ್ತೀನೇ ಅವಳಿಗೆ ಜ್ವರ ಬರಿಸ್ತೀರಿ,” ಎಂದು ನನ್ನ ಮನೆಯಾಕೆ ಗದರುತ್ತಿದ್ದಳು.

ಮೇಷ್ಟರು ತುಮಕೂರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಮಗಳಿಗೆ ಅವರು ತಾತ. ಅವಳಿಗೆ ಆ ಬೆರಳಿನ ಭಯ ಎಳ್ಳಷ್ಟೂ ಇರಲಿಲ್ಲ. ಶಾಲೆಯಲ್ಲಿ ಕಲಿತ ಹಾಡು ಹೇಳಿ, ಅವರು ಬಾಯಿ ತೆರೆಯುವ ಮುನ್ನ ತಾನೇ ಬೆರಳನ್ನು ತನ್ನ ಮೊಣಕಾಲಿಗೆ ಬಡಿದು, “ನಮ್ಮ ಮಿಸ್ಸಿನ ಮಟ್ಟು!” ಎಂದು ಕೂಗುತ್ತಿದ್ದಳು. “ಲೇ ಕಳ್ಳಿ, ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕ್ತೀಯಲ್ಲೇ,” ಎಂದು ಅವರು ನಗುತ್ತಿದ್ದರು. ಆಮೇಲೆ ನನ್ನ ಕಡೆಗೆ ತಿರುಗಿ, ನಗು ಮಾಯವಾಗಿ, “ಎಲ್ಲಿಗೆ ಬಂತು ಪಂಡಿತ್ರೇ?” ಎನ್ನುತ್ತಿದ್ದರು.

ಓದುವುದನ್ನು ಬಿಟ್ಟಿದ್ದೇನೆಂದು ಒಂದು ದಿನ ಹೇಳಿದೆ.

“ಬಾವಿ ನೀರು ಊರೋರ್ದು ಅಂತ ಮನೆ ಹಗ್ಗ ಕುಯ್ದು ಹಾಕಿದಂಗಾಯ್ತು,” ಎಂದರು. “ಈಗ ಬರೆಯೋದು ಹೆಂಗದೆ?”

“ಒಣಗಿದೆ.”

“ಒಣಗ್ದೆ ಇನ್ನೇನು!” ಅವರು ಕೋಪಿಸಿಕೊಂಡುದನ್ನು ನಾನು ಕಂಡದ್ದು ಅದೊಂದೇ ಸಲ. ಆದರೆ ಮುಂದೇನು ಮಾಡಬೇಕೆಂದು ಅವರು ಹೇಳಲಿಲ್ಲ. ಅವರಿಗೂ ತಿಳಿದಿರಲಿಲ್ಲ. ಮೇಲೆದ್ದು ಹೊರಡುವಾಗ ಮಗಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಭಯ ನನ್ನೊಬ್ಬನದಲ್ಲವೆಂದು ಅಂದು ತಿಳಿಯಿತು.

ಆ ಶ್ರಾವಣದಲ್ಲಿ ಮಗಳಿಗೆ ಮತ್ತೆ ಜ್ವರ ಬಂತು. ಶಾಲೆಗೆ ರಜೆ ಹಾಕಿ ಅವಳ ಪಕ್ಕದಲ್ಲಿಯೇ ಕುಳಿತೆ. ಎರಡನೆಯ ದಿನ ಬೆಳಗ್ಗೆ, ಒದ್ದೆ ಬಟ್ಟೆ ಬದಲಾಯಿಸುತ್ತಾ ಇದ್ದಾಗ, ಕೈಗೆ ಸಿಕ್ಕ ಔಷಧದ ಪೊಟ್ಟಣದ ಕಾಗದದ ಮೇಲೆ ನಾಲ್ಕು ಸಾಲು ಗೀಚಿದೆ. ಕವಿತೆ ಬರೆಯಬೇಕೆಂದಲ್ಲ; ಗಟ್ಟಿಯಾಗಿ ಹೇಳಿದರೆ ಮನೆಯವಳು ಹೆದರಿಯಾಳೆಂದು.

ಹಣೆಯ ಮುಟ್ಟಿದೆ, ಸುಡುತಲಿದೆ ತಂದೆ;
ನಿನಗೂ ಹಣೆಯಲಿ ಉರಿಯುಂಟು;
ಸುಡುವ ಹಣೆಯ ಸಂಕಟ ಬಲ್ಲವ ನೀನೆ,
ಕೈಯಿಟ್ಟು ನೋಡು ಒಮ್ಮೆ.

ಜ್ವರ ಸಾಧಾರಣದ್ದು, ಸಂಜೆಗೆ ಇಳಿಯಿತು. ಆ ಸಾಲುಗಳಿಗೆ ವೃತ್ತದ ಗಾಂಭೀರ್ಯವಿರಲಿಲ್ಲ. ನನ್ನ ಗುರುಗಳು ನೋಡಿದ್ದರೆ ಕುಂಟುತ್ತಿದೆ ಎನ್ನುತ್ತಿದ್ದರು. ಎಸೆಯಲು ಮನಸ್ಸಾಗದೆ ಇಟ್ಟುಕೊಂಡೆ. ಕಾವ್ಯಗಳನ್ನು ಮರುದಿನವೇ ಪೆಟ್ಟಿಗೆಯಿಂದ ತೆಗೆದು ಮತ್ತೆ ಓದತೊಡಗಿದೆ. ಹರಕೆಯನ್ನು ಇನ್ನು ತಡಮಾಡುವ ಧೈರ್ಯ ನನಗಿರಲಿಲ್ಲ. ಹಳೆಯ ಶತಕದಲ್ಲಿಯೇ ಕೊಂಚ ತಿದ್ದಿ, ಕೊನೆಯ ಕಡೆಗೆ ಒಂದು ಪದ್ಯವನ್ನು ತೆಗೆದು ಆ ಜಾಗದಲ್ಲಿ ಈ ನಾಲ್ಕು ಸಾಲನ್ನು ಸೇರಿಸಿ, ಕಾರ್ತಿಕದ ಒಂದು ಸೋಮವಾರ ಮನೆಯಾಕೆ, ಮಗಳೊಡನೆ ಕುಣಿಗಲ್ಲಿಗೆ ಹೊರಟೆ. ಮೇಷ್ಟರು ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದು ತಂಗಿದ್ದರು. ಹೆಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಎಡಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದರು.

ಗುಡಿಯಲ್ಲಿ ಅರ್ಚಕರು ಆತುರದಲ್ಲಿದ್ದರು. ಕಾರ್ತಿಕ ಸೋಮವಾರವಾದ್ದರಿಂದ ತಂದ ಬಿಲ್ವಪತ್ರೆಯೆಲ್ಲ ಬೆಳಗಿನ ಪೂಜೆಗೇ ಮುಗಿದಿತ್ತು. ಅವರು ಲಿಂಗದ ಮೇಲಿದ್ದ ಪತ್ರೆಗಳನ್ನು ತಟ್ಟೆಗೆ ಬಳಿದುಕೊಂಡು ಹೊರಗೆ ಬಂದು, ಕೊಳಗದ ನೀರಿನಲ್ಲಿ ಒಂದೊಂದಾಗಿ ಅದ್ದಿ ತೊಳೆಯತೊಡಗಿದರು.

“ಇದೇನ್ ಸ್ವಾಮಿ, ಏರ್ಸಿದ್ದನ್ನೇ ಮತ್ತೆ ಏರಿಸ್ತೀರಾ?” ಎಂದರು ಮೇಷ್ಟರು.

“ಬಿಲ್ವಕ್ಕೆ ದೋಷ ಇಲ್ಲ. ತೊಳೆದು ಎಷ್ಟು ಸಲ ಬೇಕಾದ್ರೂ ಏರಿಸ್ಬೋದು. ಹೂವಿಗೆ ಮಾತ್ರ ಹಾಗಿಲ್ಲ.”

ಇದು ನಾನು ಓದಿ ಬಲ್ಲ ವಿಷಯವೇ. ಬಾಲ್ಯದಲ್ಲಿ ಇದೇ ಕೊಳಗದ ಬಳಿ ಕಂಡದ್ದೂ ಹೌದು. ಆದರೆ ಭಯ ಹಿಡಿದವನಿಗೆ ಬಲ್ಲ ವಿಷಯ ಬೇಕಾದಾಗ ನೆನಪಿಗೆ ಬರುವುದಿಲ್ಲ. ಮೇಷ್ಟರು ನನ್ನ ಕಡೆ ಒಮ್ಮೆ ನೋಡಿ, ಅರ್ಚಕರನ್ನು ಕೇಳಿದರು:

“ಹಂಗಾದ್ರೆ ಮಾತು? ಅದು ಹೂವೋ, ಪತ್ರೆಯೋ?”

“ಅದೆಲ್ಲ ನಂಗೊತ್ತಿಲ್ಲ ಯಜಮಾನ್ರೇ. ಸ್ವಲ್ಪ ದಾರಿ ಬಿಡಿ, ಅಭಿಷೇಕಕ್ಕೆ ಹೊತ್ತಾಯ್ತು.”

ಅಷ್ಟೇ. ತೊಳೆದ ಪತ್ರೆಯಿಂದ ನೀರು ತೊಟ್ಟಿಕ್ಕುತ್ತಿರುವುದನ್ನು ನೋಡುತ್ತ ನಾನು ನವರಂಗದಲ್ಲಿ ಕುಳಿತೆ. ನನ್ನ ಮನೆಯಾಕೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಳು. ಮೇಷ್ಟರು ಎದುರಿನ ಕಂಬಕ್ಕೊರಗಿ ಕುಳಿತರು.

ಓದಲಾರಂಭಿಸಿದೆ. ದೇವರನ್ನು ನೋಡಬೇಕಾದ ನನ್ನ ಕಣ್ಣು ಅವರ ಮೊಣಕಾಲನ್ನು ನೋಡುತ್ತಿತ್ತು. ಅವರು ಬೇಕೆಂದೇ ಕೈಯನ್ನು ಶಾಲಿನಡಿ ಅಡಗಿಸಿಕೊಂಡಿದ್ದರು. ಆದರೆ ಶಾಲು ಅಲ್ಲಾಡುತ್ತಿತ್ತು. ಆಯುಷ್ಯದ ಅಭ್ಯಾಸ, ಪಾಪ, ಅವರ ಕೈಯಲ್ಲಿಲ್ಲ. ಗುರುಗಳು ಬಂದರು. ತಂದೆ ಬಂದರು, ತಮ್ಮದೇ ಗುಡಿಗೆ. ಪ್ರಾಚೀನರು ಬಂದರು. ಶಾಲಿನ ಕೆಳಗೆ ತಾಳ ನಡೆದೇ ಇತ್ತು. ಇಷ್ಟೊಂದು ಜನ ನನ್ನ ಬಾಯಲ್ಲಿ ನಿಂತು ಪೂಜಿಸುತ್ತಿರುವಾಗ ಮಗುವಿನ ತಂದೆ ಎಲ್ಲಿ ಎಂದು ಆ ದೇವರು ಕೇಳಿದರೆ ಏನು ಹೇಳಲಿ?

ಆ ನಾಲ್ಕು ಸಾಲು ಬಂತು. ಓದಿದೆ.

ಶಾಲು ನಿಂತಿತು. ಮೇಷ್ಟರು ತಲೆಯೆತ್ತಿದರು. ಬೆರಳು ಶಾಲಿನಿಂದ ಹೊರಬಂದು ಗಾಳಿಯಲ್ಲಿ ತಡಕಾಡಿತು. ಕಾದೆ. ಬೀಳಲಿಲ್ಲ. ಅವರ ಹುಬ್ಬು ಗಂಟಿಕ್ಕಿತು. ತುಟಿಗಳು ಒಂದೆರಡು ಹೆಸರುಗಳನ್ನು ಹಿಡಿದು ಬಿಟ್ಟವು. ಬೆರಳು ಹಾಗೆಯೇ ನಿಂತಿತ್ತು. ಆಮೇಲೆ ಅವರ ಕಣ್ಣು ತುಂಬಿತು. ಮಗಳು ತಾಯಿಯ ಮಡಿಲಿಂದ, “ತಾತಂಗೆ ಗೊತ್ತಾಗ್ಲಿಲ್ಲ!” ಎಂದು ಗುಡಿಯೆಲ್ಲ ಕೇಳುವಂತೆ ಕೂಗಿದಳು. ಅವರು ಬೆರಳನ್ನು ತುಟಿಯ ಮೇಲಿಟ್ಟು ಅವಳನ್ನು ಸುಮ್ಮನಾಗಿಸಿದರು.

ಹೊರಗೆ ಬಂದ ಮೇಲೆ ಅವರು ಆ ಬಗ್ಗೆ ಆಡಿದ ಮಾತು ಇಷ್ಟೇ: “ಮಿಕ್ಕಿದ್ದನ್ನ, ಆ ಅಯ್ನೋರು ಪತ್ರೆ ತೊಳೆದಂಗೆ, ಈಶ್ವರನೇ ತೊಳ್ಕೊಳ್ತಾನೆ ಬುಡಿ. ಅದಂತೂ ಹೊಸ್ದು.”

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ನಾಲ್ಕು ಸಾಲು ಹೇಗೋ ಜನರ ಬಾಯಿಗೆ ಹೋಯಿತು. ಎಂಬತ್ತರ ದಶಕದಲ್ಲಿ ಜಿಲ್ಲೆಯ ಸಭೆಗಳಲ್ಲಿ ನನ್ನನ್ನು ‘ಸರಳ ನುಡಿಯ ಕವಿ’ ಎಂದು ಕರೆಯತೊಡಗಿದರು. ಕೋರದ ಭಜನಾ ಮಂಡಳಿಯವರು ಅದನ್ನು ರಾಗ ಹಾಕಿ ಹಾಡಿದರು. ನನಗೂ ಆ ದಾರಿ ಹಿತವೆನಿಸಿತು. ಅದೇ ರೀತಿಯ ಚಿಕ್ಕ ಚಿಕ್ಕ ಪದ್ಯಗಳನ್ನು ಬರೆದೆ: ಮನೆಮಾತು, ಮೂರು ಸಾಲು ಸುಮ್ಮನೆ ನಡೆದು ನಾಲ್ಕನೆಯದರಲ್ಲಿ ದೇವರ ಕೈ ಹಿಡಿದು ಎಳೆಯುವ ಉಪಾಯ. ಸಲೀಸಾಗಿ ಬಂದವು. ಒಂದು ಕಟ್ಟು ಸೇರಿತು.

ಆ ಕಟ್ಟನ್ನು ಹಿಡಿದು, ಕಳೆದ ವರ್ಷದ ದೀಪಾವಳಿಯ ಮರುವಾರ ಗುಬ್ಬಿಗೆ ಹೋದೆ. ಮೇಷ್ಟರು ಹಾಸಿಗೆ ಹಿಡಿದಿದ್ದರು. ಅವರ ಮನೆಯಾಕೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಜಗಲಿಯ ಮೇಲೆ ಬಿಸಿಲಿತ್ತು. ಅಡಕತ್ತರಿ ಕಿಟಕಿಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅವರ ಮುಂದೆ ಭಯವಿಲ್ಲದೆ ಕುಳಿತೆ. ಓದಿದೆ.

ಮೊದಲ ಪದ್ಯಕ್ಕೇ ಬೆರಳು ಬಿತ್ತು.

ಕಂಬಳಿಯ ಮೇಲೆ, ಶಕ್ತಿಯಿಲ್ಲದ ಆ ಬೆರಳು ಮೆಲ್ಲಗೆ ತಾಳ ಹಾಕುತ್ತಿತ್ತು. ಎರಡನೆಯ ಪದ್ಯಕ್ಕೂ. ಮೂರನೆಯದಕ್ಕೂ. ಹಳೆಯ ತಣ್ಣನೆಯದು ಮತ್ತೆ ನನ್ನ ಬೆನ್ನನ್ನು ಹತ್ತಿತು. ಯಾರು? ಯಾವ ಮಹಾನುಭಾವರು ನನಗೆ ತಿಳಿಯದಂತೆ ಇಲ್ಲಿಯೂ ಬಂದು ಕುಳಿತಿದ್ದಾರೆ? ಓದು ನಿಲ್ಲಿಸಿದೆ.

“ಯಾರ ಮಟ್ಟು, ಮೇಷ್ಟ್ರೇ?”

ನನ್ನನ್ನು ನೋಯಿಸಲು ಅವರಿಗೆ ಇಷ್ಟವಿರಲಿಲ್ಲ. ಆದರೆ ಸುಳ್ಳು ಹೇಳಲು ಆ ಬೆರಳು ಕಲಿತಿರಲಿಲ್ಲ.

“ನಿಮ್ದೇ ಕಣ್ರೀ.”

“ಅಂದರೆ?”

“ಆವತ್ತು ಹಣೆ ಮುಟ್ಟುದ್ರಿ. ಇವತ್ತು ಕೆನ್ನೆ ಮುಟ್ಟವ್ರೆ, ಪಾದ ಮುಟ್ಟವ್ರೆ, ಇನ್ನೊಂದ್ರಲ್ಲಿ ಹೊಸ್ಲು ಮುಟ್ಟವ್ರೆ. ಯಾರೋ ನಿಮ್ಮನ್ನ ಚೆಂದಾಗಿ ಓದ್ಕೊಂಡು ಬರ್ದಂಗೈತೆ.” ಉಸಿರು ಕಟ್ಟಿತು, ಸುಧಾರಿಸಿಕೊಂಡರು. “ಬೇರೆಯೋರ ಮನೇಲಿ ತಂದ್ರೆ ಮೇಲೆ ಹೆಸ್ರು ಹಾಕ್ಬೋದು. ಇದ್ರ ಮೇಲೆ ಏನಂತ ಹಾಕ್ತೀರಿ?”

ನಾನು ಕಾಗದಗಳನ್ನು ಮಡಿಚಿದೆ. ಅದನ್ನು ಅವರು ನೋಡಿದರು. ಕೈಯನ್ನು ಚಾಚಿ ನನ್ನ ಕೈಯ ಮೇಲಿಟ್ಟು, ಮಗುವಿಗೆ ಹೇಳುವಷ್ಟು ಮೆಲ್ಲಗೆ ಕೇಳಿದರು:

“ಆವತ್ತು ಮಗೀಗೆ ಜ್ವರ ಇತ್ತು ಪಂಡಿತ್ರೇ. ಈಗ ಯಾರ್ಗೆ ಜ್ವರ?”

ಮನೆಯಾಕೆ ಗಂಜಿ ತಂದರು. ಮೇಷ್ಟರು ಒಂದು ಗುಟುಕು ಕುಡಿದು, ಬೆರಳನ್ನೆತ್ತಿ, “ಅತ್ತೆ” ಎಂದರು. ಆಕೆ, “ಸುಮ್ನೆ ಕುಡೀರಿ, ಸಾಕು,” ಎಂದರು. ಅದೇ ಕೊನೆ. ಮತ್ತೆ ನಾನು ಅವರನ್ನು ಕಾಣಲಿಲ್ಲ.

ಆ ಕಟ್ಟನ್ನು ನಾನು ಅಚ್ಚಿಗೆ ಕೊಟ್ಟಿಲ್ಲ. ಹಿಂದೆ ಪರರ ದನಿಗೆ ಹೆದರುತ್ತಿದ್ದೆ. ಆ ಭಯಕ್ಕೆ ಗುಡಿಯಲ್ಲಿ ಒಂದಿಷ್ಟು ಸಮಾಧಾನ ದೊರಕಿತ್ತು. ಈಗಿನದಕ್ಕೆ ಯಾವ ಗುಡಿಗೆ ಹೋಗಲಿ? ಗುರುಗಳು, ತಂದೆ, ಪ್ರಾಚೀನರು ನನ್ನೊಳಗೆ ಬಂದಾಗ ಕೈಮುಗಿಯಬಹುದಿತ್ತು. ನನ್ನೊಳಗೆ ನಾನೇ ಬಂದು ಕುಳಿತಿರುವಾಗ ಯಾರಿಗೆ ಕೈಮುಗಿಯಲಿ?

ಬರೆಯಲು ಕುಳಿತಾಗ ಈಗ ನನಗೊಂದು ಅಭ್ಯಾಸವಾಗಿದೆ. ಲೇಖನಿ ಹಿಡಿಯುವ ಮುನ್ನ ಶಿವನಾಮ ಹೇಳಿ, ಬಲಗೈಯಿಂದ ನನ್ನ ಹಣೆಯನ್ನೇ ಮುಟ್ಟಿ ನೋಡಿಕೊಳ್ಳುತ್ತೇನೆ. ಬಹಳ ದಿನ ತಣ್ಣಗಿರುತ್ತದೆ, ಎದ್ದುಹೋಗುತ್ತೇನೆ. ಹೆಬ್ಬೂರಿಗೆ ಮದುವೆಯಾಗಿ ಹೋಗಿರುವ ಮಗಳು ಈ ವಾರ ಬಂದಿದ್ದಾಳೆ. ಇಂದು ಬೆಳಗ್ಗೆ ನಾನು ಹಣೆ ಮುಟ್ಟಿಕೊಂಡು ಕುಳಿತುದನ್ನು ಕಂಡು, “ಯಾಕಪ್ಪಾ, ಜ್ವರಾನಾ?” ಎಂದು ಓಡಿಬಂದಳು. ತನ್ನ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟು ನೋಡಿದಳು.

“ಸ್ವಲ್ಪ ಬಿಸಿ ಇದೆ,” ಎಂದಳು.

ಅದರಿಂದ ಇಷ್ಟು ಬರೆದೆ.